ಕಡ್ಡಿ ಗೀರಿದರೆ ಗೊತ್ತಾಗದ ಬಟ್ಟೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಹೋದ ತಿಂಗಳು ಡೊಂಬಿವಲಿಯಿಂದ ತಾಯಿಯೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದರು. "ಅಂಗಡಿಯವನು ರೇಯಾನ್ ಅಂದರೆ ಹತ್ತಿಯೇ ಅಂತಾನೆ. ನನ್ನ ಸೊಸೆ ಅದು ನೈಲಾನಿನ ತಂಗಿ ಅಂತಾಳೆ. ರೇಡಿಯೋದಲ್ಲಿ ಹೇಳಿದರೆ ಇಬ್ಬರೂ ಒಪ್ಪುತ್ತಾರೆ. ಯಾರ ಮಾತು ಸರಿ?" ಎಂದು ಕೇಳಿದ್ದರು. ಅತ್ತೆ ಸೊಸೆ ನಡುವೆ ತೀರ್ಪು ಹೇಳುವಷ್ಟು ಧೈರ್ಯ ನನಗಿಲ್ಲ. ನಾನು ಓದಿದ್ದು ಕನ್ನಡ ಬಿ.ಎ. ರಸಾಯನಶಾಸ್ತ್ರ ಹತ್ತನೇ ತರಗತಿಗೇ ಮುಗಿದಿತ್ತು. ಆದರೆ ಈ ಪ್ರಶ್ನೆಗೆ ನಾನು ಒಮ್ಮೆ 900 ರೂಪಾಯಿ ದಂಡ ಕಟ್ಟಿದ್ದೇನೆ. ಅದಕ್ಕೇ ಪತ್ರ ಕೆಳಗಿಡಲು ಮನಸ್ಸಾಗಲಿಲ್ಲ.

ರೇಡಿಯೋ ಕೆಲಸದ ಮೊದಲ ಸಂಬಳದಲ್ಲಿ ಅವ್ವನಿಗೆ ಒಂದು ಸೀರೆ ತರಬೇಕು ಅಂದುಕೊಂಡೆ. ದಾದರಿನ ಒಂದು ಅಂಗಡಿಗೆ ಹೋದೆ. ಅವ್ವನಿಗೆ ಹತ್ತಿ ಬಿಟ್ಟು ಬೇರೆ ಆಗುವುದಿಲ್ಲ, ಮುಂಬಯಿ ಸೆಕೆಗೆ ಮೈ ಉರಿಯುತ್ತದೆ. ಅಂಗಡಿಯವನು ತಿಳಿ ಹಸಿರಿನ, ನವಿರಾದ, ಕೈಯಿಂದ ಜಾರುವ ಸೀರೆಯೊಂದನ್ನು ಹರಡಿದ. ನನಗೆ ಅನುಮಾನ. "ಹತ್ತಿಯಾ?" ಅಂದೆ. ಅವನು ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ತೋರಿಸಿದ. ಸರ್ರನೆ ಉರಿಯಿತು, ಕಾಗದ ಸುಟ್ಟ ವಾಸನೆ ಬಂತು, ಬೆರಳಲ್ಲಿ ಉಜ್ಜಿದರೆ ಮೆತ್ತನೆಯ ಬೂದಿ. "ನೋಡಿ ತಾಯೀ, ಗಂಟು ಕಟ್ಟಲಿಲ್ಲ, ಪಕ್ಕಾ ಕಾಟನ್" ಅಂದ. ನಾನು ದುಡ್ಡು ಎಣಿಸಿದೆ.

ಮನೆಗೆ ತಂದು ಕೊಟ್ಟೆ. ಅವ್ವ ಕಣ್ಣಿಗೊತ್ತಿಕೊಂಡಳು. ಅಪ್ಪ ಅಲ್ಲೇ ಮಂಚದ ಮೇಲೆ ಕೂತಿದ್ದವರು ಸೀರೆಯ ತುದಿ ಹಿಡಿದು ಒಂದು ಎಳೆ ಬಿಡಿಸಿದರು. ಅದರ ನಡುಭಾಗವನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಎರಡು ಕೈಯಲ್ಲಿ ಎಳೆದರು. ಪಟ್ಟನೆ ತುಂಡಾಯಿತು, ಒದ್ದೆಯಾದ ಜಾಗದಲ್ಲೇ. "ಹತ್ತಿ ಅಲ್ಲವ್ವ ಇದು. ನೀರು ಕಂಡ್ರೆ ಹೆದರೋ ಬಟ್ಟೆ" ಅಂದರು. ನನಗೆ ಸಿಟ್ಟು ಬಂತು. ಮೊದಲ ಸಂಬಳದ ಸೀರೆಗೆ ಹೀಗೆ ಹೇಳುವುದೇ? ಎರಡು ವಾರ ಕಳೆದು ಅವ್ವ ಅದನ್ನು ಬಿಸಿನೀರಲ್ಲಿ ನೆನೆಸಿ ಕಲ್ಲಿನ ಮೇಲೆ ನಾಲ್ಕು ಬಾರಿ ಬಡಿದಳು. ಒಂದು ಗೇಣು ಕುಗ್ಗಿತು, ಅಂಚಿನ ಹತ್ತಿರ ಎರಡು ಕಡೆ ಹರಿಯಿತು. ಅವ್ವ ನನಗೆ ಹೇಳಲೇ ಇಲ್ಲ. ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದು ದೀಪಾವಳಿಗೆ ಕಸ ತೆಗೆಯುವಾಗ ಸಿಕ್ಕಿತು.

ಅಂಗಡಿಯವನು ಕಡ್ಡಿ ಗೀರಿ ತೋರಿಸಿದ್ದು ಸುಳ್ಳಲ್ಲ. ಅಪ್ಪ ಎಂಜಲು ಹಚ್ಚಿ ತೋರಿಸಿದ್ದೂ ಸುಳ್ಳಲ್ಲ. ಪಾಲಿಯೆಸ್ಟರ್ ಸುಟ್ಟರೆ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ನಾತ. ಆದರೆ ಹತ್ತಿ, ರೇಯಾನ್, ಕಾಗದ ಮೂರೂ ಒಂದೇ ಥರ ಉರಿಯುತ್ತವೆ. ಯಾಕೆಂದರೆ ಬೆಂಕಿಯ ಪಾಲಿಗೆ ಅವು ಮೂರೂ ಒಂದೇ ವಸ್ತು. ಆ ವಸ್ತುವಿನ ಹೆಸರು ಸೆಲ್ಯುಲೋಸ್.

1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಎಂಬ ರಸಾಯನಶಾಸ್ತ್ರಜ್ಞರು ಬೇರೆ ಬೇರೆ ಗಿಡಮರಗಳ ಭಾಗಗಳನ್ನು ಆಮ್ಲ, ಕ್ಷಾರಗಳಲ್ಲಿ ಬೇಯಿಸಿ ನೋಡಿದರು. ಯಾವ ಗಿಡವಾದರೂ ಕೊನೆಗೆ ಉಳಿಯುವ ನಾರು ಒಂದೇ ಎಂದು ಕಂಡುಕೊಂಡರು. ಸಸ್ಯಕೋಶದ ಗೋಡೆ ಕಟ್ಟಿರುವುದು ಅದರಿಂದಲೇ. ಹತ್ತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಅದೇ. ಮರದಲ್ಲಿ ನೂರಕ್ಕೆ 40ರಿಂದ 50, ಉಳಿದದ್ದರಲ್ಲಿ ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಎಂಬ ಅಂಟು ದೊಡ್ಡ ಪಾಲು. ಹಳೆಯ ಪೇಪರು ಹಳದಿಯಾಗುವುದು ಆ ಅಂಟು ಪೂರ್ತಿ ಹೋಗದೆ ಉಳಿದದ್ದರಿಂದ.

ಸೆಲ್ಯುಲೋಸ್ ಅಂದರೆ ಏನು ಅಂತ ಬಿಡಿಸಿ ನೋಡಿದರೆ ಸಿಗುವುದು ಬರೀ ಗ್ಲೂಕೋಸ್. ಆಸ್ಪತ್ರೆಯಲ್ಲಿ ಬಾಟಲಿಯಿಂದ ಇಳಿಸುವ ಅದೇ ಸಕ್ಕರೆ. ಹಾಗಾದರೆ ಅನ್ನದ ಪಿಷ್ಟವೂ ಗ್ಲೂಕೋಸಿನದೇ ಅಲ್ಲವೇ? ಹೌದು. ಅನ್ನವನ್ನು ಉಂಡು ಅರಗಿಸಿಕೊಳ್ಳುವ ನಾವು ಪಂಚೆಯನ್ನು ಉಣ್ಣಲಾರೆವು, ಯಾಕೆ?

ಮಾಟುಂಗಾ ಸ್ಟೇಷನ್ನಿನ ಹತ್ತಿರ ಹೂ ಕಟ್ಟುವವರನ್ನು ನೀವು ನೋಡಿರುತ್ತೀರಿ. ಎಲ್ಲ ಮೊಗ್ಗುಗಳನ್ನೂ ಒಂದೇ ಮಗ್ಗುಲಿಗೆ ಇಟ್ಟು ಕಟ್ಟುತ್ತಾ ಹೋದರೆ ಮಾಲೆ ಒಂದು ಕಡೆಗೆ ಬಾಗಿ ಸುರುಳಿಯಾಗುತ್ತದೆ. ಒಂದು ಮೊಗ್ಗು ಈ ಕಡೆ, ಮುಂದಿನದು ಆ ಕಡೆ, ಹೀಗೆ ತಿರುಗಿಸಿ ಕಟ್ಟಿದರೆ ಮಾಲೆ ನೆಟ್ಟಗೆ ನಿಲ್ಲುತ್ತದೆ. ಪಿಷ್ಟ ಮೊದಲನೆಯ ಬಗೆಯ ಮಾಲೆ. ಸುರುಳಿ ಸಡಿಲ, ನೀರು ನುಗ್ಗುತ್ತದೆ, ನಮ್ಮ ಜೊಲ್ಲು ಸಹ ಅದನ್ನು ಬಿಡಿಸುತ್ತದೆ. ಸೆಲ್ಯುಲೋಸ್ ಎರಡನೆಯ ಬಗೆ. ನೆಟ್ಟಗಿನ ಮಾಲೆಗಳು ಒಂದರ ಪಕ್ಕ ಒಂದು ಒತ್ತಾಗಿ ಮಲಗಿ, ಹೈಡ್ರೋಜನ್ ಬಂಧ ಎಂಬ ಸಣ್ಣ ಸಣ್ಣ ಕೈಗಳಿಂದ ಪಕ್ಕದವರನ್ನು ಹಿಡಿದುಕೊಳ್ಳುತ್ತವೆ. ಒಂದು ಕೈಯಲ್ಲಿ ಬಲವಿಲ್ಲ, ಸಾವಿರ ಸಾವಿರ ಕೈ ಸೇರಿದಾಗ ಹಗ್ಗ. ಹತ್ತಿಯ ಒಂದು ಮಾಲೆಯಲ್ಲಿ ಸಾವಿರಾರು, ಕೆಲವೊಮ್ಮೆ 10 ಸಾವಿರಕ್ಕೂ ಮೀರಿ ಗ್ಲೂಕೋಸ್ ಮೊಗ್ಗುಗಳಿರುತ್ತವೆ. ಇಷ್ಟು ಉದ್ದದ ಅಣು ಇರಲು ಸಾಧ್ಯ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ದೊಡ್ಡ ದೊಡ್ಡ ವಿದ್ವಾಂಸರೇ ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಂತು.

ಆ ನೆಟ್ಟಗಿನ ಗಂಟು ಬಿಚ್ಚುವ ಕಿಣ್ವ ನಮ್ಮ ಹೊಟ್ಟೆಯಲ್ಲಿಲ್ಲ. ಹಸುವಿನಲ್ಲೂ ಇಲ್ಲ, ಅದರ ಹೊಟ್ಟೆಯಲ್ಲಿ ಮನೆ ಮಾಡಿರುವ ಸೂಕ್ಷ್ಮಜೀವಿಗಳಲ್ಲಿ ಇದೆ. ಬೂಷ್ಟಿನಲ್ಲೂ ಇದೆ. ಮುಂಬಯಿ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಹತ್ತಿ ಬಟ್ಟೆಯ ಮೇಲೆ ಕರಿ ಚುಕ್ಕೆ ಏಳುವುದು ಆ ಕಾರಣಕ್ಕೆ. ಅದು ಬರೀ ಕೊಳೆಯಲ್ಲ, ಯಾರೋ ನಿಮ್ಮ ಅಂಗಿಯನ್ನು ಊಟ ಮಾಡುತ್ತಿದ್ದಾರೆ! ಪಾಲಿಯೆಸ್ಟರ್ ನಾರು ಅವರಿಗೆ ರುಚಿಸುವುದಿಲ್ಲ.

ಹತ್ತಿ ತಂಪು ಎನ್ನುವುದರ ಗುಟ್ಟೂ ಆ ಸಣ್ಣ ಕೈಗಳಲ್ಲೇ ಇದೆ. ಅವು ಒಂದನ್ನೊಂದು ಹಿಡಿಯುವ ಹಾಗೆಯೇ ನೀರನ್ನೂ ಹಿಡಿಯುತ್ತವೆ. ಒಣಗಿದೆ ಎಂದು ನಾವು ಮಡಿಸಿಡುವ ಹತ್ತಿ ಬಟ್ಟೆಯಲ್ಲೂ ನೂರಕ್ಕೆ ಸುಮಾರು 8 ಪಾಲು ನೀರಿರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ಅರ್ಧ ಪಾಲೂ ಇಲ್ಲ. ಬೆವರನ್ನು ಎಳೆದುಕೊಳ್ಳುವವರು ಯಾರು, ಮೈಮೇಲೆಯೇ ಬಿಡುವವರು ಯಾರು ಎಂದು ಸಂಜೆ ಆರೂವರೆಯ ಲೋಕಲ್ ಗಾಡಿಯಲ್ಲಿ ನಿಂತವರಿಗೆ ವಿವರಿಸಬೇಕಾಗಿಲ್ಲ.

ಇಸ್ತ್ರಿಯ ಕಥೆಯೂ ಅದೇ. ಒಗೆದಾಗ ನೀರು ನಡುವೆ ನುಗ್ಗಿ ಹಿಡಿದ ಕೈಗಳನ್ನು ಬಿಡಿಸುತ್ತದೆ. ಒಣಗುವಾಗ ಬಟ್ಟೆ ಹೇಗೆ ಮುದುಡಿರುತ್ತದೋ ಹಾಗೇ ಕೈಗಳು ಮತ್ತೆ ಹಿಡಿದುಕೊಳ್ಳುತ್ತವೆ, ಅದೇ ಸುಕ್ಕು. ನೀರು ಚಿಮುಕಿಸಿ ಕಾದ ಇಸ್ತ್ರಿ ಒತ್ತಿದರೆ ಮತ್ತೆ ಬಿಟ್ಟು, ನೆಟ್ಟಗೆ ಹಿಡಿಯುತ್ತವೆ. ಇನ್ನು ಗಂಜಿ. ಅಕ್ಕಿಯ ಗಂಜಿ ಸೀರೆಗೆ ಅಷ್ಟು ಚೆನ್ನಾಗಿ ಒಗ್ಗುವುದಕ್ಕೆ ಕಾರಣ, ಪಿಷ್ಟವೂ ಸೆಲ್ಯುಲೋಸೂ ದಾಯಾದಿಗಳು. ಒಂದೇ ಗ್ಲೂಕೋಸಿನ ಮಕ್ಕಳು, ಕೈ ಕುಲುಕುವುದು ಸುಲಭ. ನೈಲಾನ್ ಸೀರೆಗೆ ಗಂಜಿ ಹಾಕಿ ನೋಡಿ, ಪರಿಚಯವೇ ಇಲ್ಲದ ನೆಂಟರ ಮನೆಗೆ ಹೋದ ಹಾಗಿರುತ್ತದೆ.

ನಮ್ಮ ದೇಶದ ನೋಟು ಅಚ್ಚಾಗುವ ಕಾಗದವೂ ಪೂರ್ತಿ ಹತ್ತಿಯದು. ಆ ಕಾಗದ ತಯಾರಾಗುವ ಒಂದು ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇದೆ. ಅಂಗಿಯ ಜೇಬಲ್ಲಿ ಮರೆತ ನೂರರ ನೋಟು ವಾಷಿಂಗ್ ಮೆಷಿನ್ನಿನಲ್ಲಿ ತಿರುಗಿ ಬಂದರೂ ನೋಟಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿದ್ದ ದಿನಸಿ ಪಟ್ಟಿ ಹಿಟ್ಟಾಗಿರುತ್ತದೆ. ನೀವು ನುಂಗುವ ಎಷ್ಟೋ ಮಾತ್ರೆಗಳಲ್ಲಿ ಔಷಧಿಗಿಂತ ಹೆಚ್ಚಾಗಿ ಇರುವ ಬಿಳಿ ಪುಡಿ ಸೆಲ್ಯುಲೋಸ್. ಐಸ್‌ಕ್ರೀಮ್ ನುಣುಪಾಗಿರಲು, ಟೂತ್‌ಪೇಸ್ಟ್ ಗಟ್ಟಿಯಾಗಿರಲು ಸೇರಿಸುವುದೂ ಅದರದೇ ಒಂದು ರೂಪ. ಈ ನನ್ನ ದನಿಯನ್ನು ನಿಮ್ಮ ಕಿವಿಗೆ ಮುಟ್ಟಿಸುತ್ತಿರುವ ಸ್ಪೀಕರಿನ ಒಳಗೆ ಅದುರುವ ಬಟ್ಟಲು ಸಹ ಬಹಳ ಕಡೆ ಕಾಗದದ್ದೇ. ಅದನ್ನೆಲ್ಲ ಹೇಳುತ್ತಾ ಹೋದರೆ ಹಾಡಿಗೆ ಸಮಯ ಉಳಿಯುವುದಿಲ್ಲ, ಸೀರೆಗೆ ಬರೋಣ.

ಹತ್ತಿಯ ಕಾಯಿಯೊಳಗೆ ಬೀಜದ ಮೇಲೆ ಬೆಳೆಯುವ ಕೂದಲು ಒಂದೊಂದೂ ಒಂದೇ ಕೋಶ. ವಾರಗಟ್ಟಲೆ ಗಿಡ ಒಳಗಿಂದೊಳಗೆ ಪದರ ಪದರವಾಗಿ ಸೆಲ್ಯುಲೋಸ್ ಬಳಿಯುತ್ತದೆ. ಕಾಯಿ ಒಡೆದಾಗ ಕೂದಲು ಒಣಗಿ ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ನೂಲು ಹೊಸೆಯಲು ಬರುತ್ತದೆ. ನಾರು ಉದ್ದವಾದಷ್ಟೂ ನೂಲು ನಯ. ಧಾರವಾಡದಲ್ಲಿ ಡಾ. ಕಟರ್ಕಿಯವರ ಶ್ರಮದಿಂದ 1972ರಲ್ಲಿ ಹೊರಬಂದ ವರಲಕ್ಷ್ಮಿ ಎಂಬ ಸಂಕರ ಹತ್ತಿ ಹೆಸರಾದದ್ದು ಅದರ ಉದ್ದನೆಯ ನಾರಿಗಾಗಿ.

ಮರಕ್ಕೆ ಅಂಥ ಕೂದಲಿಲ್ಲ. ಅದರ ಸೆಲ್ಯುಲೋಸ್ ಗಿಡ್ಡ ನಾರುಗಳಲ್ಲಿ, ಅಂಟಿನ ನಡುವೆ ಸಿಕ್ಕಿಕೊಂಡಿದೆ. ಅದರಿಂದ ಸೀರೆ ನೇಯಬೇಕಾದರೆ ಮೊದಲು ಕರಗಿಸಿ ಪಾಕ ಮಾಡಬೇಕು. ತೊಂದರೆ ಏನೆಂದರೆ ಸೆಲ್ಯುಲೋಸ್ ನೀರಲ್ಲಿ ಕರಗುವುದಿಲ್ಲ, ಕಾಯಿಸಿದರೆ ಕರಗುವ ಮೊದಲೇ ಕರಿಕಾಗುತ್ತದೆ. ಇದಕ್ಕೆ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು 1892ರಲ್ಲಿ ಒಂದು ಉಪಾಯ ಕಂಡುಹಿಡಿದರು. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕೆಲ ಹೊತ್ತು ಬಿಟ್ಟು, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದ ಜೊತೆ ಸೇರಿಸಿದರೆ ಕಿತ್ತಳೆ ಬಣ್ಣದ ಪುಡಿಯಾಗುತ್ತದೆ. ಅದನ್ನು ತೆಳು ಸೋಡಾದಲ್ಲಿ ಕಲಸಿದರೆ ಜೇನಿನಂಥ ಪಾಕ. ಆ ಪಾಕದ ಹೆಸರೇ ವಿಸ್ಕೋಸ್. ಶಾವಿಗೆ ಒರಳು ನೆನಪಿಸಿಕೊಳ್ಳಿ. ಪಾಕವನ್ನು ಕೂದಲಿಗಿಂತ ಸಣ್ಣ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಯೊಳಗೆ ಒತ್ತುತ್ತಾರೆ. ಆಮ್ಲ ತಾಗಿದ ಕೂಡಲೇ ಕಾರ್ಬನ್ ಡೈಸಲ್ಫೈಡ್ ಬಿಟ್ಟುಹೋಗಿ, ಸೆಲ್ಯುಲೋಸ್ ಮತ್ತೆ ಸೆಲ್ಯುಲೋಸ್ ಆಗಿ, ಉದ್ದನೆಯ ಎಳೆಯಾಗಿ ಹೊರಬರುತ್ತದೆ.

ಹೀಗೆ ಸಾಗುವಾಗ ಮಾಲೆಗಳು ತುಂಡಾಗಿರುತ್ತವೆ. ಸಾವಿರಾರು ಮೊಗ್ಗುಗಳಿದ್ದ ಕಡೆ ಈಗ ಕೆಲವೇ ನೂರು. ಸಾಲೂ ಹತ್ತಿಯಷ್ಟು ಒತ್ತಾಗಿಲ್ಲ, ನಡುನಡುವೆ ಸಡಿಲ. ಹಾಗಾಗಿ ರೇಯಾನ್ ಹತ್ತಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಬಣ್ಣವನ್ನು ಸೊಗಸಾಗಿ ಹೀರುತ್ತದೆ, ಜಾರುತ್ತದೆ, ಮಿನುಗುತ್ತದೆ. ಆದರೆ ಒದ್ದೆಯಾದರೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹತ್ತಿಯದು ಇದಕ್ಕೆ ತದ್ವಿರುದ್ಧ, ಒದ್ದೆಯಾದಾಗ ಇನ್ನೂ ಗಟ್ಟಿ. ಮಹಾಲಕ್ಷ್ಮಿಯ ಧೋಬಿಘಾಟಿನ ಕಲ್ಲುಗಳ ಮೇಲೆ ತಲೆಮಾರುಗಳಿಂದ ಹತ್ತಿ ಏಟು ತಿಂದು ಬದುಕಿರುವುದು ಆ ಗುಣದಿಂದ. ಅಪ್ಪನ ಎಂಜಲಿನ ಪರೀಕ್ಷೆಯ ಅರ್ಥ ಅದು.

ಹಾಗಾದರೆ ಡೊಂಬಿವಲಿಯ ತಾಯಿಗೆ ಉತ್ತರ: ರೇಯಾನ್ ನೈಲಾನಿನ ತಂಗಿಯಲ್ಲ. ನೈಲಾನ್ ಬರುವುದು ಪೆಟ್ರೋಲಿಯಂ ಮನೆತನದಿಂದ. ರೇಯಾನ್ ಮರದಿಂದ. ಅಣು ನೋಡಿದರೆ ಅಂಗಡಿಯವನ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಒಗೆಯುವ ಕಲ್ಲಿನ ಮುಂದೆ ಅವನ ಮಾತು ನಿಲ್ಲುವುದಿಲ್ಲ.

ಅಪ್ಪನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳುತ್ತೀರಿ. ಅಪ್ಪ ದಾವಣಗೆರೆ ಕಡೆಯ ಹಳ್ಳಿಯವರು. ಆ ಊರು ಹತ್ತಿ ಗಿರಣಿಗಳಿಂದಲೇ ಹೆಸರಾಗಿತ್ತು. 1974ರಲ್ಲಿ ಮುಂಬಯಿಗೆ ಬಂದು ಲೋವರ್ ಪರೇಲಿನ ಒಂದು ಗಿರಣಿಯ ಕಾರ್ಡಿಂಗ್ ವಿಭಾಗ ಸೇರಿದರು. ಹತ್ತಿ ಹಿಂಜುವ ಜಾಗ, ಗಾಳಿಯಲ್ಲೆಲ್ಲ ಧೂಳು. ವಾರದ ರಜೆ ಮುಗಿಸಿ ಮರಳಿದ ದಿನ ಎದೆ ಬಿಗಿದ ಹಾಗಾಗುತ್ತಿತ್ತಂತೆ, ಎರಡು ದಿನದಲ್ಲಿ ತಾನೇ ಸಡಿಲಾಗುತ್ತಿತ್ತಂತೆ. ಬಿಸಿನೋಸಿಸ್ ಎಂಬ ಈ ರೋಗಕ್ಕೆ ಹತ್ತಿಗಿರಣಿಗಳಲ್ಲಿ ಸೋಮವಾರದ ಜ್ವರ ಎಂದೇ ಹೆಸರಿತ್ತು. ತಪ್ಪು ಸೆಲ್ಯುಲೋಸಿನದಲ್ಲ, ಹತ್ತಿಯ ಜೊತೆ ಬರುವ ಎಲೆಪುಡಿ ಮತ್ತು ಅದರಲ್ಲಿನ ಬ್ಯಾಕ್ಟೀರಿಯಾದ ವಿಷದ್ದು. ಆದರೆ ಎದೆಗೆ ಆ ವ್ಯತ್ಯಾಸ ತಿಳಿಯಬೇಕಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅಪ್ಪನೂ ಒಬ್ಬರು. ಗಿರಣಿಗೆ ಮತ್ತೆ ಹೋಗಲಿಲ್ಲ. ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತರು. ಆ ಕೆಮ್ಮು ಮಾತ್ರ ಜೊತೆಗೇ ಬಂತು.

ಹತ್ತಿ ಸಾಧು, ರೇಯಾನ್ ಕೇಡಿ ಎಂದು ಹೇಳಲು ನನಗೆ ಬಾಯಿ ಬರದಿರುವುದು ಇದಕ್ಕೇ. ರೇಯಾನಿನ ಲೆಕ್ಕವನ್ನೂ ನೋಡಬೇಕು. ಆ ಕಾರ್ಬನ್ ಡೈಸಲ್ಫೈಡ್ ಇದೆಯಲ್ಲ, 46 ಡಿಗ್ರಿಗೇ ಕುದಿಯುತ್ತದೆ, ಅಂದರೆ ಸುಲಭವಾಗಿ ಗಾಳಿಗೆ ಸೇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ನರ ಕೆಡುತ್ತದೆ, ಹೃದಯ ಕೆಡುತ್ತದೆ, ಬುದ್ಧಿ ಸಮತೋಲ ತಪ್ಪಿದ್ದೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ರಬ್ಬರ್ ಕಾರ್ಖಾನೆಗಳಲ್ಲಿ ಈ ದ್ರವ ಬಳಸುತ್ತಿದ್ದಾಗಲೇ ವೈದ್ಯರು ಇದನ್ನು ಬರೆದಿಟ್ಟಿದ್ದರು. ಗೊತ್ತಿದ್ದೂ ರೇಯಾನ್ ಕಾರ್ಖಾನೆಗಳು ಬೆಳೆದವು.

ಹುಬ್ಬಳ್ಳಿ ದಾಟಿ ದಾವಣಗೆರೆ ಕಡೆ ರೈಲಿನಲ್ಲಿ ಹೋಗುವವರು ಹರಿಹರ ಬರುವ ಮೊದಲು ತುಂಗಭದ್ರೆಯನ್ನು ದಾಟುತ್ತೀರಿ. ಆ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಕೆಲಸ ಶುರುಮಾಡಿತು. ಹೆಸರು ಕೇಳಿ ಪಾಲಿಯೆಸ್ಟರ್ ಎಂದುಕೊಳ್ಳಬೇಡಿ. ಅಲ್ಲಿ ಆಗುವುದು ರೇಯಾನಿಗೆ ಬೇಕಾದ ಮರದ ತಿರುಳು, ಮುಖ್ಯವಾಗಿ ನೀಲಗಿರಿ ಮರದಿಂದ. ನದಿ ನೀರು ಕೆಡುತ್ತಿದೆ ಎಂದು 1984ರ ಅಕ್ಟೋಬರ್ 2ರಂದು ಸಮಾಜ ಪರಿವರ್ತನ ಸಮುದಾಯದವರು ಅದರ ಮುಂದೆ ಪ್ರತಿಭಟನೆ ಮಾಡಿದರು. ಅದೇ ವರ್ಷ ರಾಜ್ಯ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿ, ಸುಮಾರು 30 ಸಾವಿರ ಹೆಕ್ಟೇರ್ ನೆಲದಲ್ಲಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ ಹಾಕಿದವು. ಆ ನೆಲದಲ್ಲಿ ಹಳ್ಳಿಗರ ದನ ಮೇಯುತ್ತಿದ್ದವು, ಸೌದೆ ಅಲ್ಲಿಂದಲೇ ಬರುತ್ತಿತ್ತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮುಂದೆ ನಿಂತವರು ನಮ್ಮ ಶಿವರಾಮ ಕಾರಂತರು. ಬಿ.ಎ.ಯಲ್ಲಿ ಕಾರಂತರ ಕಾದಂಬರಿ ಓದಿ ಪರೀಕ್ಷೆ ಬರೆದ ನನಗೆ ಈ ವಿಷಯ ಯಾರೂ ಹೇಳಿರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು, ಸೌದೆ ಕೊಡುವ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಅದಕ್ಕೆ ಹೆಸರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಈಗ ಕಾರ್ಬನ್ ಡೈಸಲ್ಫೈಡ್ ಇಲ್ಲದೆ, ಬೇರೆ ದ್ರಾವಕದಲ್ಲಿ ಸೆಲ್ಯುಲೋಸನ್ನು ನೇರ ಕರಗಿಸಿ ಎಳೆ ತೆಗೆಯುವ ವಿಧಾನವೂ ಬಂದಿದೆ. ಆ ದ್ರಾವಕವನ್ನು ಬಹುಮಟ್ಟಿಗೆ ಪೂರ್ತಿಯಾಗಿ ಹಿಡಿದು ಮತ್ತೆ ಬಳಸುತ್ತಾರೆ. ಲೇಬಲ್ಲಿನಲ್ಲಿ ಲಯೋಸೆಲ್ ಅಥವಾ ಟೆನ್ಸೆಲ್ ಎಂದಿರುತ್ತದೆ. ಒದ್ದೆಯಾದಾಗಲೂ ಅದು ರೇಯಾನಿಗಿಂತ ಗಟ್ಟಿ, ಬೆಲೆಯೂ ಗಟ್ಟಿ. ಬಿದಿರಿನ ಬಟ್ಟೆ ಎಂದು ಮಾರುವುದರ ಬಗ್ಗೆ ಮಾತ್ರ ಎಚ್ಚರ. ಬಹುಪಾಲು ಅದೂ ವಿಸ್ಕೋಸೇ, ಮರದ ಬದಲು ಬಿದಿರಿನ ತಿರುಳು, ಅಷ್ಟೆ. 2009ರಲ್ಲಿ ಅಮೆರಿಕದ ಸರ್ಕಾರಿ ವ್ಯಾಪಾರ ಆಯೋಗ, ರೇಯಾನನ್ನು ಬಿದಿರು ಎಂದು ಮಾರುತ್ತಿದ್ದ ಕೆಲವು ಕಂಪನಿಗಳ ಮೇಲೆ ಕ್ರಮ ಕೈಗೊಂಡಿತ್ತು.

ನಾನು ರೇಯಾನ್ ಕೊಳ್ಳುವುದನ್ನು ಬಿಟ್ಟಿಲ್ಲ. ಕಡಿಮೆ ದುಡ್ಡಿಗೆ ಅಷ್ಟು ಒಳ್ಳೆಯ ಬಣ್ಣ, ಸೆಕೆಗೂ ಹಿತ. ಲೇಬಲ್ ಓದುತ್ತೇನೆ. ವಿಸ್ಕೋಸ್, ರೇಯಾನ್, ಮೋಡಾಲ್ ಎಂದಿದ್ದರೆ ತಣ್ಣೀರು, ಮೃದು ಸೋಪು, ಬಡಿಯುವುದಿಲ್ಲ, ಹಿಂಡುವುದಿಲ್ಲ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡುತ್ತೇನೆ. ಲೇಬಲ್ ಇಲ್ಲದಿದ್ದರೆ ಒಂದು ಎಳೆ ಕೇಳಿ ಪಡೆದು, ಅಪ್ಪನ ವಿದ್ಯೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಆ ಹಸಿರು ಸೀರೆ ಏನಾಯಿತು ಎಂದು ಕೇಳುವಿರಾ? ಅವ್ವ ಹೋದ ವರ್ಷ ಕೌದಿ ಹೊಲಿದಳು. ನಮ್ಮ ಕಡೆ ಹಳೆ ಸೀರೆ ಎಸೆಯುವ ರೂಢಿಯಿಲ್ಲ. ಮೇಲೆ ಅವಳ ಹಳೆಯ ಇಳಕಲ್ ಸೀರೆ, ಕೆಳಗೆ ಅಪ್ಪನ ಎರಡು ಪಂಚೆ, ನಡುವೆ ನನ್ನ ಮೊದಲ ಸಂಬಳ. "ಒಗೆಯೋವಾಗ ಏಟೆಲ್ಲ ಹತ್ತಿಗೇ ಬೀಳ್ತದೆ, ಇದು ಒಳಗೆ ಬೆಚ್ಚಗಿರ್ಲಿ" ಅಂದಳು. ಅಪ್ಪ ಅದನ್ನೇ ಹೊದ್ದು ಮಲಗುತ್ತಾರೆ.

ಮುಂದಿನ ಹಾಡಿನ ನಂತರ ವಾರ್ತೆ.